ಅರಸನ ಬುಟ್ಟಿ

"ಗುರುಗಳೇ, ಈ ರಾಜ್ಯವನ್ನು ಕೆಡವಿದವರು ಯಾರು?" ಎಂದು ಶಿಷ್ಯ ಕೇಳಿದ.

ಮಠದ ಬಾವಿಯ ಹಿಂದೆ ಒಂದು ಶಾಸನದ ಕಲ್ಲು ಬಿದ್ದಿತ್ತು. ಬಟ್ಟೆ ಒಗೆಯುವುದಕ್ಕೆ ಅದು ಬಹಳ ಅನುಕೂಲವಾಗಿತ್ತು. ಒಂದು ವಾರದಿಂದ ಶಿಷ್ಯ ಅದರ ಪಾಚಿ ಕೆರೆದು ಅಕ್ಷರ ಓದುತ್ತಿದ್ದ. ಈ ದಾನ ಸೂರ್ಯಚಂದ್ರರಿರುವವರೆಗೂ ನಡೆಯಲಿ ಎಂದು ಕಲ್ಲು ಹೇಳುತ್ತಿತ್ತು. ದಾನ ಕೊಟ್ಟ ವಂಶ ಮೂರು ತಲೆಗೆ ಮುಗಿದುಹೋಗಿತ್ತು. ಕಲ್ಲಿನ ನೆತ್ತಿಯಲ್ಲಿ ಸೂರ್ಯನಿದ್ದ, ಚಂದ್ರನಿದ್ದ, ನಡುವೆ ಲಿಂಗವಿರಬೇಕಾದ ಜಾಗದಲ್ಲಿ ಒಂದು ಬುಟ್ಟಿ ಇತ್ತು. ಅದೇಕೆ ಎಂಬುದೂ ಅವನಿಗೆ ತಿಳಿಯಲಿಲ್ಲ.

ಊರವರನ್ನು ಕೇಳಿದ್ದ. ಮಂತ್ರಿ ದ್ರೋಹ ಮಾಡಿದ ಎಂದು ಕೆಲವರು ಹೇಳಿದರು. ಕೊನೆಯ ಅರಸ ಹೆಣ್ಣು ಹೆಂಡದಲ್ಲಿ ಮುಳುಗಿದ್ದ ಎಂದು ಇನ್ನು ಕೆಲವರು. ಎರಡನ್ನೂ ಯಾರೂ ಕಂಡವರಿರಲಿಲ್ಲ.

ಗುರು ಬಾವಿಕಟ್ಟೆಯ ಮೇಲೆ ಕುಳಿತು ಮುಖ ಒರೆಸಿಕೊಳ್ಳುತ್ತಿದ್ದರು. ಆ ಮಠದಲ್ಲಿ ಬೆಳಿಗ್ಗೆ ಗುರು ಎಷ್ಟು ಕೊಡ ನೀರು ಸೇದಿದರೆ ಪ್ರತಿಯೊಬ್ಬ ಶಿಷ್ಯನೂ ಅಷ್ಟು ಸೇದಬೇಕು. ಗುರುಗಳಿಗೆ ಎಪ್ಪತ್ತು ದಾಟಿತ್ತು. ಅವರ ಪಕ್ಕದಲ್ಲಿದ್ದ ಕೊಡ ಹೊಸದು. ಹಳೆಯದು ಸೋರುತ್ತಿದೆ ಎಂದು ಹೇಳಿ ಶಿಷ್ಯ ಹದಿನೈದು ದಿನಗಳ ಹಿಂದೆ ಅದನ್ನು ಅಟ್ಟಕ್ಕೆ ಸೇರಿಸಿ ಇದನ್ನು ತಂದಿಟ್ಟಿದ್ದ.

"ಕತೆ ಹೇಳುತ್ತೇನೆ, ಕೂತುಕೋ," ಎಂದರು ಗುರು. "ಇದರಲ್ಲಿ ಕೆಟ್ಟವರು ಯಾರೂ ಇಲ್ಲ. ಹಾಗಾಗಿ ಸ್ವಲ್ಪ ಗಮನವಿಟ್ಟು ಕೇಳಬೇಕಾಗುತ್ತದೆ."

ಶಿಷ್ಯ ಕುಳಿತ. ಗುರು ಹೇಳತೊಡಗಿದರು.

ತನ್ನ ಒಡೆಯನಿಗೆ ಬೇಡವಾದ ಒಬ್ಬ ದಂಡನಾಯಕ ನಲವತ್ತು ಮನೆಯವರನ್ನು ಕಟ್ಟಿಕೊಂಡು ಈ ಕಣಿವೆಗೆ ಬಂದ. ಮೂರು ಕಡೆ ಗುಡ್ಡ, ನಾಲ್ಕನೆಯ ಕಡೆ ಬಯಲು. ಗುಡ್ಡದಿಂದ ಒಂದು ಹಳ್ಳ ಇಳಿದು ಬಯಲಲ್ಲಿ ಸುಮ್ಮನೆ ಹರಿದು ಹೋಗುತ್ತಿತ್ತು. ದಂಡನಾಯಕ ಹಳ್ಳಕ್ಕೆ ಅಡ್ಡ ಏರಿ ಹಾಕಿಸಿದ. ನೀರು ನಿಂತು ಕೆರೆಯಾಯಿತು. ಕೆರೆಗೂ ಗುಡ್ಡಕ್ಕೂ ನಡುವೆ ಕೋಟೆ ಕಟ್ಟಿದ.

ಕೆರೆಯಿಂದ ಬತ್ತ ಬಂತು. ಬತ್ತವಿದ್ದ ಕಡೆಗೆ ಜನ ಬಂದರು. ಜನ ಸೇರಿದ ಮೇಲೆ ದಂಡು ಕಟ್ಟಲು ಕಷ್ಟವಾಗಲಿಲ್ಲ. ದಂಡು ಕಟ್ಟಿದ ಮೇಲೆ ದಂಡನಾಯಕನನ್ನು ಜನ ಅರಸ ಎಂದು ಕರೆದರು. ಅವನೂ ಬೇಡ ಎನ್ನಲಿಲ್ಲ.

ಒಮ್ಮೆ ಬಡಗಣ ನಾಡಿನ ಅರಸ ದೊಡ್ಡ ಕುದುರೆ ದಂಡು ತಂದು ಕೆರೆಯ ಆಚೆ ದಡದಲ್ಲಿ ಬೀಡು ಬಿಟ್ಟ. ಮೂರು ಕಡೆಯ ಗುಡ್ಡವನ್ನು ಕುದುರೆ ಹತ್ತುವುದಿಲ್ಲ. ಏರಿಯ ಮೇಲೆ ಒಂದು ಗಾಡಿ ಹೋಗುವಷ್ಟೇ ದಾರಿ, ಅಲ್ಲಿ ಹತ್ತು ಜನ ನಿಂತರೆ ಸಾವಿರ ಜನರನ್ನು ತಡೆಯಬಹುದು. ಕೋಟೆಯ ಮುಂದೆ ನೀರು ಬೇಸಿಗೆಯಲ್ಲೂ ಎರಡಾಳು ಆಳ. ಬಡಗಣ ಅರಸ ಮೂರು ತಿಂಗಳು ನೀರು ನೋಡಿಕೊಂಡು ಕೂತಿದ್ದು ವಾಪಸು ಹೋದ.

ಆದರೆ ಕೆರೆಗೆ ನೀರಿನ ಜೊತೆ ಮಣ್ಣೂ ಬರುತ್ತದೆ. ಏಳೆಂಟು ವರ್ಷಕ್ಕೆ ಹೂಳು ಕಾಣಿಸಿಕೊಂಡಿತು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಮನೆಗೊಬ್ಬರಂತೆ ಬಂದು ಒಂಬತ್ತು ದಿನ ಹೂಳು ತೆಗೆಯಬೇಕು ಎಂದು ಅರಸ ಹೇಳಿದ. ಎಲ್ಲರೂ ಬಂದರು. ಮೊದಲ ದಿನವೇ ಜಗಳವಾಯಿತು. ಗಾಣಿಗನ ಬುಟ್ಟಿ ಇಬ್ಬರು ಎತ್ತುವಂತಿತ್ತು. ಊರಗೌಡನ ಬುಟ್ಟಿಯಲ್ಲಿ ಹೂವು ಕೊಯ್ಯಬಹುದಿತ್ತು. ನಾನೂ ನಲವತ್ತು ಬುಟ್ಟಿ ಹೊತ್ತೆ, ನೀನೂ ನಲವತ್ತು ಬುಟ್ಟಿ ಹೊತ್ತೆ ಎಂದು ಗೌಡ ಲೆಕ್ಕ ಹೇಳಿದ. ಗಾಣಿಗ ಬುಟ್ಟಿ ಕೆಳಗಿಟ್ಟು ಕೈ ಎತ್ತಿದ.

ಅರಸ ಇಬ್ಬರ ನಡುವೆ ನಿಂತ. ಒಬ್ಬ ಮೇದನನ್ನು ಕರೆದು ತಾನು ಹೊರಬಲ್ಲಷ್ಟು ದೊಡ್ಡ ಬುಟ್ಟಿ ಹೆಣೆಯಲು ಹೇಳಿದ. ಮರುದಿನ ಅದನ್ನು ತಲೆಯ ಮೇಲಿಟ್ಟುಕೊಂಡು ಕೆರೆಯಂಗಳದಿಂದ ಏರಿಯವರೆಗೆ ನಲವತ್ತು ಸಲ ಹೂಳು ಹೊತ್ತ. ಸಂಜೆ ಆ ಬುಟ್ಟಿಯನ್ನು ಏರಿಯ ಮೇಲಿನ ಕೆರೆಯಮ್ಮನ ಗುಡಿಯಲ್ಲಿ ನೇತುಹಾಕಿಸಿದ. ಇದೇ ನಾಡಿನ ಬುಟ್ಟಿ, ಎಲ್ಲರೂ ಇದರ ಅಳತೆಯಲ್ಲೇ ಹೆಣೆಸಿಕೊಳ್ಳಿ, ನಾನು ಹೊತ್ತಷ್ಟು ಸಲ ಹೊರಿ ಎಂದ. ಅದರ ಮೇಲೆ ಯಾರೂ ಮಾತಾಡಲಿಲ್ಲ. ಅರಸನ ಕುತ್ತಿಗೆ ಒಂದು ಕಡೆಗೆ ವಾಲಿದ್ದನ್ನು ಎಲ್ಲರೂ ಕಂಡಿದ್ದರು.

ಅದೇ ಕಟ್ಟಳೆಯಾಯಿತು. ಪ್ರತಿ ಬೇಸಿಗೆಯೂ ಮೇದ ಅರಸನಿಗೆ ಹೊಸ ಬುಟ್ಟಿ ಹೆಣೆಯುತ್ತಾನೆ. ಮೊದಲ ದಿನ ಅರಸ ಹೊರುತ್ತಾನೆ. ಆಮೇಲೆ ನಾಡಿನ ಮೇದರೆಲ್ಲ ಗುಡಿಗೆ ಬಂದು ಅಳತೆ ತೆಗೆದುಕೊಳ್ಳುತ್ತಾರೆ. ಹತ್ತನೆಯ ದಿನ ಎಲ್ಲ ಬುಟ್ಟಿಗಳನ್ನೂ, ಅರಸನದನ್ನೂ ಸೇರಿಸಿ, ಕೆರೆಯಮ್ಮನ ಮುಂದೆ ರಾಶಿ ಹಾಕಿ ಸುಡುತ್ತಾರೆ. ಹೂಳು ಹೊತ್ತ ಬುಟ್ಟಿಯಲ್ಲಿ ಬತ್ತ ತುಂಬಬಾರದು ಎಂಬುದು ಜನರ ನಂಬಿಕೆ. ಮೇದರಿಗೆ ಈ ನಂಬಿಕೆ ಇನ್ನೂ ಗಟ್ಟಿಯಾಗಿತ್ತು.

ಅರಸನ ಬುಟ್ಟಿ ಹೆಣೆಯುವ ಕೆಲಸ ಒಂದೇ ಮನೆಗೆ ಸೇರಿತ್ತು. ಆ ಮೇದ ಸತ್ತಾಗ ಅದು ಅವನ ಮಗ ಬಮ್ಮನಿಗೆ ಬಂತು. ಬಾಯಿ ಎರಡು ಗೇಣು, ಆಳ ಒಂದು ಗೇಣು ಎಂದು ತಂದೆ ಅವನ ಕೈ ಹಿಡಿದು ತೋರಿಸಿಕೊಟ್ಟಿದ್ದ. ಅಳತೆಯನ್ನು ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ. ಹಳೆಯ ಬುಟ್ಟಿ ಪ್ರತಿ ವರ್ಷ ಬೂದಿಯಾಗುತ್ತಿತ್ತು. ಇಡೀ ನಾಡಿನ ಅಳತೆ ಬಮ್ಮನ ಎರಡು ಕೈಗಳಲ್ಲಿತ್ತು, ಅದು ಅವನಿಗೆ ಒಂದು ಭಾರ ಎಂದು ಅನ್ನಿಸಿರಲಿಲ್ಲ.

ಬಮ್ಮನ ಕಾಲಕ್ಕೆ ಎರಡನೆಯ ಅರಸ ಪಟ್ಟದಲ್ಲಿದ್ದ. ತಂದೆ ಕಟ್ಟಿದ್ದನ್ನು ಬೆಳೆಸಿದವನು ಇವನು. ನಾಡಿನ ಗಡಿ ಎರಡು ಹೊಳೆಗಳವರೆಗೆ ಹೋಯಿತು. ನಾಲ್ಕು ಪೇಟೆಗಳಾದವು, ಆನೆ ಬಂದವು, ಹೊಗಳುಭಟರೂ ಬಂದರು. ಆದರೆ ಬೇಸಿಗೆಯ ಆ ಒಂದು ದಿನ ಅರಸ ಕಿರೀಟ ತೆಗೆದು ಪಂಚೆ ಎತ್ತಿಕಟ್ಟಿ ಕೆರೆಗೆ ಇಳಿಯುತ್ತಿದ್ದ. ಅವನ ತಲೆಯ ಮೇಲೆ ಸಿಂಬೆ ಇಡುವವನು ಬಮ್ಮ, ಬುಟ್ಟಿ ಎತ್ತಿ ಹೊರಿಸುವವನು ಬಮ್ಮ. ಬಿದಿರು ಈ ಸಲ ಹೇಗಿದೆ, ಮಗಳಿಗೆ ಎಷ್ಟು ವಯಸ್ಸಾಯಿತು ಎಂದು ಅರಸ ಕೇಳುತ್ತಿದ್ದ. ಕೇಳಿದ್ದನ್ನು ಮುಂದಿನ ವರ್ಷ ನೆನಪಿಟ್ಟುಕೊಂಡಿರುತ್ತಿದ್ದ. ಬಮ್ಮ ಆ ಅರಸನಿಗಾಗಿ ಪ್ರಾಣ ಕೊಡಲೂ ಸಿದ್ಧನಿದ್ದ. ಆದರೆ ಪ್ರಾಣವನ್ನು ಯಾರೂ ಕೇಳಲಿಲ್ಲ.

ಅರಸನಿಗೆ ಅರವತ್ತು ಹತ್ತಿರವಾಯಿತು. ಆ ವರ್ಷ ಇಪ್ಪತ್ತೆಂಟನೆಯ ಬುಟ್ಟಿಗೆ ಅವನ ಕಾಲು ನಡುಗಿತು. ಮೂವತ್ತಮೂರನೆಯದಕ್ಕೆ ಮೊಣಕಾಲು ಊರಿ ಕುಳಿತುಬಿಟ್ಟ. ಸುತ್ತಲಿನ ಸಾವಿರಾರು ಜನ ನೆಲ ನೋಡಿದರು. ಅರಸ ತಾನೇ ಎದ್ದು ಉಳಿದ ಏಳನ್ನೂ ಹೊತ್ತು ಮುಗಿಸಿದ, ಸಂಜೆ ಅವನ ತುಟಿ ನೀಲಿಯಾಗಿತ್ತು. ಬುಟ್ಟಿ ಇಳಿಸಿಕೊಂಡ ಬಮ್ಮನಿಗೆ ಅಂದು ಅನ್ನ ಇಳಿಯಲಿಲ್ಲ. ತನ್ನ ಕೈ ಹೆಣೆದ ಬುಟ್ಟಿ ತನ್ನ ಒಡೆಯನನ್ನು ನೆಲಕ್ಕೆ ಕೂರಿಸಿತಲ್ಲ ಎಂದು ಅವನು ಅತ್ತ.

ಮುಂದಿನ ಬೇಸಿಗೆ ಬಮ್ಮ ಬುಟ್ಟಿಯ ಬಾಯಿಯನ್ನು ಒಂದು ಬೆರಳು ಕಿರಿದು ಮಾಡಿದ. ಒಂದೇ ಬೆರಳು. ನೋಡಿದವರಿಗೆ ತಿಳಿಯುವಂತಿರಲಿಲ್ಲ. ಅರಸ ಮೂವತ್ತಾರರವರೆಗೆ ನೆಟ್ಟಗೆ ನಡೆದ. ಅದರ ಮುಂದಿನ ವರ್ಷ ಆಳದಲ್ಲಿ ಒಂದು ಬೆರಳು ತೆಗೆದ. ಬುಟ್ಟಿ ಹೊರಿಸುವಾಗ ಅರಸ ಒಂದು ಗಳಿಗೆ ಬಮ್ಮನ ಮುಖ ನೋಡಿದ. ಏನೂ ಹೇಳಲಿಲ್ಲ. ಬಮ್ಮ ಸಿಂಬೆ ಸರಿಮಾಡುವವನಂತೆ ಕಣ್ಣು ತಪ್ಪಿಸಿದ.

ಅರಸ ಮತ್ತೆ ಐದು ವರ್ಷ ಬದುಕಿದ. ಅವನು ಕುಗ್ಗಿದಂತೆಲ್ಲ ಬುಟ್ಟಿಯೂ ಕುಗ್ಗಿತು. ಕೊನೆಗೆ ಬಾಯಲ್ಲಿ ನಾಲ್ಕು ಬೆರಳು ಹೋಗಿತ್ತು, ಆಳದಲ್ಲಿ ಮೂರು ಬೆರಳು. ಬೆರಳಲ್ಲಿ ಹೇಳಿದರೆ ಇಷ್ಟೇ. ಮಣ್ಣು ತುಂಬಿ ನೋಡಿದರೆ ಅರ್ಧಕ್ಕೆ ಅರ್ಧ.

ಅರಸನ ಬುಟ್ಟಿ ಅರ್ಧವಾದರೆ ನಾಡಿನ ಬುಟ್ಟಿಗಳೆಲ್ಲ ಅರ್ಧ. ಇದು ಬಮ್ಮನಿಗೆ ಹೊಳೆಯಲಿಲ್ಲವೇ ಎಂದು ನೀನು ಕೇಳಬಹುದು. ಹೊಳೆಯಿತು. ಆದರೆ ಅವನ ಕಣ್ಣ ಮುಂದೆ ಇದ್ದದ್ದು ಒಬ್ಬ ಮುದುಕನ ಮೊಣಕಾಲು. ಕೆರೆ ದೊಡ್ಡದು, ಒಂದೆರಡು ವರ್ಷ ತಡೆದುಕೊಳ್ಳುತ್ತದೆ ಎಂದು ಅಂದುಕೊಂಡ. ಬೇರೆ ಮೇದರು ಗುಡಿಗೆ ಬಂದು ಗೇಣು ಹಾಕಿ ಅಳೆಯುವವರು, ಅವರಿಗೆ ಗೊತ್ತಾಗಲಿಲ್ಲವೇ? ಗೊತ್ತಾಯಿತು. ಬಿದಿರು ಉಳಿಯಿತು.

ಜನರಿಗೆ ಮಾತ್ರ ಹೆಮ್ಮೆಯಾಯಿತು. ಹಿಂದೆ ಅಪ್ಪಂದಿರು ನಲವತ್ತು ಬುಟ್ಟಿ ಹೊರಲು ಹೊತ್ತು ಮುಳುಗಿಸುತ್ತಿದ್ದರು, ನಾವು ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರುತ್ತೇವೆ ಎಂದು ಅವರು ಹೇಳಿಕೊಂಡರು. ಅರಸನ ಪುಣ್ಯದಿಂದ ಭೂಮಿಯೇ ಹಗುರವಾಯಿತು ಎಂದು ಆಸ್ಥಾನದ ಕವಿ ಹಾಡಿದ. ಒಬ್ಬ ಬೆಸ್ತ ಮಾತ್ರ ತನ್ನ ಹರಿಗೋಲಿನ ಗಳು ಬೇಗ ತಳ ಮುಟ್ಟುತ್ತಿದೆ ಎಂದ. ಗಳು ಬೆಳೆದಿರಬೇಕು ನೋಡು ಎಂದು ಎಲ್ಲರೂ ನಕ್ಕರು. ಬೆಸ್ತನೂ ನಕ್ಕ.

ಎರಡನೆಯ ಅರಸ ತೀರಿಕೊಂಡ. ಅಷ್ಟು ಜನ ಅತ್ತ ಸಾವನ್ನು ನಾಡು ಕಂಡಿರಲಿಲ್ಲ. ಕೊನೆಯವರೆಗೂ ಒಂದು ಬುಟ್ಟಿ ಕಡಿಮೆ ಮಾಡಲಿಲ್ಲ ಮಹಾರಾಯ ಎಂದು ಅವರು ಅತ್ತರು. ಅದು ಸುಳ್ಳೂ ಅಲ್ಲ.

ಮಗ ಪಟ್ಟಕ್ಕೆ ಬಂದ. ಮೂವತ್ತರ ಹರೆಯ, ಕಂಬದಂಥ ಕಾಲು. ಈಗ ಬುಟ್ಟಿಯನ್ನು ಹಿಂದಿನ ಅಳತೆಗೆ ತರಬೇಕು ಎಂದು ಬಮ್ಮ ದಬ್ಬೆ ಸೀಳಿದ. ಎರಡು ಗೇಣಿನ ಬಾಯಿ ಕಟ್ಟಿದ. ಕಟ್ಟಿ ನೋಡಿದ. ಪಟ್ಟವೇರಿದ ಮೊದಲ ವರ್ಷವೇ ಬುಟ್ಟಿ ಇಮ್ಮಡಿಯಾದರೆ ಜನ ಏನೆಂದಾರು? ತಂದೆ ದೇವರಂಥವನು, ಮಗ ಬಂದು ನಮ್ಮ ಬೆನ್ನು ಮುರಿದ ಎಂದಾರು. ಬಮ್ಮ ಬಾಯಿ ಬಿಚ್ಚಿ ಮತ್ತೆ ಕಿರಿದಾಗಿ ಹೆಣೆದ. ಈ ವರ್ಷ ಬೇಡ, ಮುಂದಿನ ವರ್ಷ ಎಂದುಕೊಂಡ. ಮುಂದಿನ ವರ್ಷ ಅರಸನ ಮದುವೆ. ಅದರಾಚೆಯ ವರ್ಷ ತೆಂಕಣ ಯುದ್ಧ ಗೆದ್ದು ಬಂದಿದ್ದ, ಸಂತೋಷದ ಕಾಲ. ಒಳ್ಳೆಯ ಕಾಲದಲ್ಲಿ ಕೆಟ್ಟ ಸುದ್ದಿ ಹೇಳುವುದು ಹೇಗೆ? ಕೆಟ್ಟ ಕಾಲದಲ್ಲಿ ಹೇಳುವುದಂತೂ ಹೇಗೆ? ಹದಿನೈದು ಬೇಸಿಗೆಗಳು ಹೀಗೆ ಕಳೆದವು.

ಈ ಹದಿನೈದು ವರ್ಷದಲ್ಲೇ ರಾಜ್ಯ ತನ್ನ ಎತ್ತರಕ್ಕೆ ಏರಿತು. ಎರಡು ಹೊಳೆಗಳ ಆಚೆಗೂ ಕಪ್ಪ ಬಂತು. ಏಳು ನೆಲೆಯ ಅರಮನೆ ಎದ್ದಿತು. ದೂರದವರು ಬಂದು ಕೋಟೆ ನೋಡಿ ಬೆರಗಾಗಿ ಹೋದರು. ಅವರೆಲ್ಲ ತಲೆ ಎತ್ತಿ ನೋಡುತ್ತಿದ್ದರು. ಹೂಳು ಏರುವುದು ತಲೆ ತಗ್ಗಿಸಿದವರಿಗೆ ಮಾತ್ರ ಕಾಣುತ್ತದೆ.

ಬಮ್ಮನ ಮಗಳನ್ನು ಕಾಲುವೆಯ ಕೊನೆಯ ಊರಿಗೆ ಕೊಟ್ಟಿತ್ತು. ಅವಳ ಗಂಡನೂ ಮೇದ. ಒಂದು ದಿನ ಅವಳು ಗಂಡ, ಮಕ್ಕಳು, ಬಿದಿರು ಸೀಳುವ ಕತ್ತಿಗಳ ಗಂಟಿನ ಸಮೇತ ತಂದೆಯ ಮನೆಗೆ ಬಂದಳು. ಹಬ್ಬಕ್ಕೆ ಬಂದದ್ದಲ್ಲ. ಬಡಗಣ ನಾಡಿಗೆ ಹೋಗುವವರು ದಾರಿಯಲ್ಲಿ ಮುಖ ತೋರಿಸಲು ಬಂದಿದ್ದರು.

"ಮೂರು ವರ್ಷದಿಂದ ನಮ್ಮೂರಲ್ಲಿ ಒಂದು ಮೊರ ಮಾರಲಿಲ್ಲ, ಅಪ್ಪಾ," ಎಂದಳು ಮಗಳು. "ಕಾಲುವೆಯಲ್ಲಿ ನೀರು ಬಂದರಲ್ಲವೇ ಬತ್ತ, ಬತ್ತ ಇದ್ದರಲ್ಲವೇ ಕೇರುವುದು?"

ಆ ಕೊನೆಯ ಊರುಗಳ ಗದ್ದೆಗಳನ್ನು ದಂಡಿನವರಿಗೆ ಉಂಬಳಿಯಾಗಿ ಕೊಟ್ಟಿತ್ತು. ಗದ್ದೆ ಒಣಗಿದ ಮೇಲೆ ಅವರೂ ಒಬ್ಬೊಬ್ಬರಾಗಿ ಗಡಿ ದಾಟುತ್ತಿದ್ದಾರೆ ಎಂದು ಅಳಿಯ ಹೇಳಿದ. ಮಳೆ ಕಡಿಮೆಯಾಯಿತೇ ಎಂದು ಬಮ್ಮ ಕೇಳಿದ. ಮಳೆಗೇನು, ಪ್ರತಿ ವರ್ಷ ಕೆರೆ ಕೋಡಿ ಬೀಳುತ್ತಿದೆ, ಬಂದ ನೀರು ನಿಲ್ಲದೆ ಹರಿದು ಹೋಗುತ್ತಿದೆ ಎಂದ ಅಳಿಯ. ಆ ನೀರು ನಿಲ್ಲಬೇಕಾದ ಜಾಗದಲ್ಲಿ ಏನಿದೆ ಎಂಬುದು ಬಮ್ಮನಿಗೆ ಗೊತ್ತಿತ್ತು.

ಮಗಳು ಹೊರಟುಹೋದಳು. ಬಮ್ಮ ಬಾಗಿಲು ಹಾಕಿಕೊಂಡು ಬುಟ್ಟಿ ಹೆಣೆಯಲು ಕೂತ. ಬಾಯಿ ಎರಡು ಗೇಣು, ಆಳ ಒಂದು ಗೇಣು. ಇಪ್ಪತ್ತೆರಡು ವರ್ಷವಾದರೂ ಕೈ ಮರೆತಿರಲಿಲ್ಲ. ಅದನ್ನು ಹೊತ್ತುಕೊಂಡು ಅರಮನೆಗೆ ಹೋದ. ಅರಸನ ಅಳತೆ ಕೆಡಿಸಿದವನಿಗೆ ಕೈ ಕಡಿಯುವ ಶಿಕ್ಷೆ. ಕೈ ಹೋದರೆ ಮೇದನಿಗೆ ಉಳಿಯುವುದೇನು? ಆದರೂ ಹೋದ.

ಮೂರನೆಯ ಅರಸ ಬುಟ್ಟಿ ಎತ್ತಿ ನೋಡಿದ. ದೊಡ್ಡದಾಯಿತಲ್ಲ ಎಂದ.

"ದೊಡ್ಡದಲ್ಲ ಬುದ್ಧಿ, ಇದೇ ಸರಿಯಾದ ಬುಟ್ಟಿ," ಎಂದ ಬಮ್ಮ. "ನಿಮ್ಮ ಅಜ್ಜ ಹೊತ್ತದ್ದು ಇದನ್ನೇ. ಈಗ ನಾಡು ಹೊರುತ್ತಿರುವುದು ಇದರ ಅರ್ಧ. ಕಡಿಮೆ ಮಾಡಿದವನು ನಾನು. ನಿಮ್ಮ ತಂದೆಯ ಕಾಲು ನಡುಗುವುದನ್ನು ನೋಡಲಾರದೆ ಹೋದೆ."

ಅರಸ ಬುಟ್ಟಿಯ ಬಾಯಿಗೆ ಗೇಣು ಹಾಕಿ ನೋಡಿದ.

"ಅಪ್ಪನಿಗೆ ಗೊತ್ತಿತ್ತೇ?"

"ಒಮ್ಮೆ ನನ್ನ ಮುಖ ನೋಡಿದರು ಬುದ್ಧಿ. ಏನೂ ಅನ್ನಲಿಲ್ಲ."

ಅರಸ ಮೂರ್ಖನಲ್ಲ. ಕೊನೆಯ ಊರುಗಳು ಏಕೆ ಖಾಲಿಯಾಗುತ್ತಿವೆ ಎಂದು ಅವನಿಗೆ ಆ ಕ್ಷಣವೇ ಅರ್ಥವಾಯಿತು. ನಾಳೆಯೇ ದೊಡ್ಡ ಬುಟ್ಟಿಯನ್ನು ಗುಡಿಯಲ್ಲಿ ನೇತುಹಾಕಿಸಿದರೆ ಏನಾಗುತ್ತದೆ ಎಂದೂ ಅರ್ಥವಾಯಿತು. ಏಕೆ ಎಂದು ಜನ ಕೇಳುತ್ತಾರೆ. ಕಾರಣ ಹೇಳಬೇಕು. ಹೇಳಿದರೆ, ಕೊನೆಯವರೆಗೂ ನಲವತ್ತು ಹೊತ್ತ ಮಹಾರಾಯ ಎಂದು ಮನೆಮನೆಯಲ್ಲಿ ದೀಪ ಹಚ್ಚಿಸಿಕೊಳ್ಳುತ್ತಿರುವ ತಂದೆ ಅರ್ಧ ಬುಟ್ಟಿಯ ಅರಸನಾಗುತ್ತಾನೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ತನಗೆ ಮಾನ ಹೋದರೆ ಅರಸ ಸಹಿಸಿಕೊಳ್ಳುತ್ತಿದ್ದ. ಇದು ಸತ್ತ ತಂದೆಯ ಮಾನ.

ಬಮ್ಮ ಮುಂದೆ ಚಾಚಿದ್ದ ಎರಡು ಕೈಗಳನ್ನು ಅರಸ ಕಡಿಸಲಿಲ್ಲ. ಅವುಗಳನ್ನು ತನ್ನ ಕೈಯಲ್ಲಿ ಹಿಡಿದುಕೊಂಡ, ಅವನ ಕಣ್ಣಲ್ಲಿ ನೀರಿತ್ತು. ಆಮೇಲೆ ಬುಟ್ಟಿಯನ್ನು ಎತ್ತಿ ಕಣ್ಣಿಗೊತ್ತಿಕೊಂಡ. ಅಜ್ಜ ಹೊತ್ತ ಅಳತೆಯ ಬುಟ್ಟಿ ನೆಲದ ಮೇಲಿರಬಾರದು ಎಂದ.

ಒಂದು ತಿಂಗಳಲ್ಲಿ ಬುಟ್ಟಿಗೆ ಬಂಗಾರದ ತಗಡು ಹೊದಿಸಿದರು. ಕೆರೆಯಮ್ಮನ ಗುಡಿಯಲ್ಲಿ ಅದಕ್ಕೊಂದು ಪೀಠವಾಯಿತು, ಪೂಜಾರಿ ನೇಮಕವಾದ, ದಿನಕ್ಕೆ ಎರಡು ಹೊತ್ತು ಪೂಜೆ. ವಂಶದ ಮೂಲಪುರುಷನ ಬುಟ್ಟಿ ಎಂದು ಜನ ಹೂವು ತಂದರು. ಮಕ್ಕಳಾಗದವರು ಹರಕೆ ಹೊತ್ತರು. ಅದರ ಪಕ್ಕದ ಗೂಟಕ್ಕೆ ಪ್ರತಿ ಬೇಸಿಗೆಯೂ ಅರ್ಧ ಅಳತೆಯ ಬುಟ್ಟಿಯನ್ನು ನೇತುಹಾಕುತ್ತಿದ್ದರು. ಮೇದರು ದೊಡ್ಡದಕ್ಕೆ ಕೈ ಮುಗಿದು ಸಣ್ಣದರ ಅಳತೆ ತೆಗೆದುಕೊಂಡು ಹೋಗುತ್ತಿದ್ದರು. ಬಮ್ಮನಿಗೆ ಅರಸ ಭೂಮಿ ಕೊಟ್ಟು ಶಾಸನ ಹಾಕಿಸಿದ. ಸೂರ್ಯಚಂದ್ರರ ನಡುವೆ ಬುಟ್ಟಿ ಕೆತ್ತಿಸಿದ. ಕೊಟ್ಟ ಭೂಮಿ ಕಾಲುವೆಯ ಕೊನೆಯಲ್ಲಿತ್ತು. ಅಲ್ಲಿ ಎಷ್ಟು ಬೇಕಾದರೂ ಖಾಲಿ ಇತ್ತು.

ಬಮ್ಮ ಆ ಭೂಮಿ ನೋಡಲೂ ಹೋಗಲಿಲ್ಲ. ಮನೆಗೆ ಬಂದು ಇನ್ನೊಂದು ದೊಡ್ಡ ಬುಟ್ಟಿ ಹೆಣೆದ. ಮರುದಿನ ಬೆಳಿಗ್ಗೆ ಅದನ್ನು ಹೊತ್ತು ಕೆರೆಗೆ ಇಳಿದ. ನಲವತ್ತು ಸಲ ಹೂಳು ಹೊತ್ತು ಏರಿಗೆ ಸುರಿದ. ಒಂಬತ್ತು ದಿನ ಮುಗಿದ ಮೇಲೂ ಹೊತ್ತ. ಮಳೆಗಾಲದಲ್ಲಿ ಕೆರೆ ತುಂಬಿದಾಗ ಮಾತ್ರ ನಿಲ್ಲಿಸಿ, ನೀರು ಸರಿದ ಕೂಡಲೇ ಮತ್ತೆ ಇಳಿಯುತ್ತಿದ್ದ. ಅರಮನೆಯ ಮರ್ಯಾದೆ ಪಡೆದವನು ಮಣ್ಣು ಹೊರುತ್ತಾನೆ, ಅರವತ್ತಕ್ಕೆ ಅರಳುಮರಳು ಎಂದರೆ ಇದೇ ಎಂದು ಜನ ಆಡಿಕೊಂಡರು. ಅವನು ಮುಂದಿನ ಬುಟ್ಟಿ ತುಂಬುತ್ತಿದ್ದ. ಸಾವಿರ ಮನೆಯವರು ಇಪ್ಪತ್ತೆರಡು ವರ್ಷ ಬಿಟ್ಟ ಮಣ್ಣನ್ನು ಒಬ್ಬ ಮುದುಕ ಹೊತ್ತು ಮುಗಿಸಲಾರ ಎಂದು ಅವನಿಗೂ ಗೊತ್ತಿತ್ತು. ಆದರೆ ಬುಟ್ಟಿ ತಲೆಯ ಮೇಲಿದ್ದಾಗ ಮಾತ್ರ ಅವನ ಮನಸ್ಸು ಹಗುರವಾಗಿರುತ್ತಿತ್ತು.

ಹದಿನೈದು ವರ್ಷ ಹೀಗೆ ಹೊತ್ತ.

ಆ ವರ್ಷ ವೈಶಾಖದಲ್ಲಿ ಒಂದು ಬೆಳಿಗ್ಗೆ ಬಮ್ಮ ಕೆರೆಯ ನಡುವೆ ಮಣ್ಣು ತುಂಬುತ್ತಿದ್ದ. ಅದು ಕೋಟೆಯ ಮುಂದಿನ ಜಾಗ, ಅಜ್ಜ ಅರಸನ ಕಾಲದಲ್ಲಿ ಎರಡಾಳು ನೀರಿದ್ದ ಜಾಗ. ಈಗ ಅಲ್ಲಿ ಜೊಂಡು ಒಣಗಿ ನಿಂತಿತ್ತು. ಆಚೆ ದಡದಲ್ಲಿ ಧೂಳೆದ್ದಿತು. ಬಡಗಣ ನಾಡಿನ ಕುದುರೆಗಳು ಕೆರೆಯಂಗಳಕ್ಕೆ ಇಳಿದವು. ಕೋಟೆಯ ಕಾವಲಿನವರೆಲ್ಲ ಏರಿಯ ಮೇಲಿದ್ದರು. ಕೆರೆಯ ಕಡೆಗೆ ಕಾವಲು ಇಡುವ ರೂಢಿ ಎಂದೂ ಇರಲಿಲ್ಲ.

ಮುಂದಿದ್ದ ಸವಾರ ಮುದುಕನನ್ನು ಕಂಡು ಲಗಾಮು ಎಳೆದ. ಕೆಸರಿಗೆ ಹೆದರಿ ಅವನು ಕುದುರೆಯನ್ನು ಒಂದೊಂದೇ ಹೆಜ್ಜೆ ನಡೆಸುತ್ತಿದ್ದ.

"ಅಜ್ಜಾ, ಮುಂದೆ ನೆಲ ಗಟ್ಟಿ ಇದೆಯೇ? ಕುದುರೆಯ ಕಾಲು ಹೂತುಹೋದೀತೇ?" ಎಂದು ಕೇಳಿದ.

ಬಮ್ಮ ಬುಟ್ಟಿ ಕೆಳಗಿಟ್ಟ. ಸುಳ್ಳು ಹೇಳಿ ಸವಾರನನ್ನು ಹಿಂದಕ್ಕೆ ಕಳಿಸಬಹುದು ಎಂದು ಎಪ್ಪತ್ತು ದಾಟಿದ ಅವನಿಗೆ ಹೊಳೆಯಿತೋ ಇಲ್ಲವೋ ಯಾರಿಗೂ ತಿಳಿಯದು. ಹೊಳೆದಿದ್ದರೂ ಪ್ರಯೋಜನವಿರಲಿಲ್ಲ. ಎರಡು ಹೆಜ್ಜೆ ಮುಂದೆ ಹೋದರೆ ಕುದುರೆಗೇ ತಿಳಿಯುತ್ತಿತ್ತು.

"ಗಟ್ಟಿ ಇದೆ ಮಗಾ," ಎಂದ. "ನನ್ನ ಕೈಯಾರೆ ಹಾಕಿದ ದಾರಿ ಇದು."

ಸವಾರನಿಗೆ ಅರ್ಥವಾಗಲಿಲ್ಲ. ಅವನು ಹಿಂದಿನವರಿಗೆ ಕೈ ಬೀಸಿದ. ಕುದುರೆಗಳು ಬಮ್ಮನನ್ನು ಎರಡೂ ಕಡೆಯಿಂದ ಬಳಸಿ ಓಡಿದವು. ಒಂದರ ಗೊರಸಿಗೂ ಕೆಸರು ಹತ್ತಲಿಲ್ಲ. ಕೋಟೆಯವರು ಏರಿಯ ಕಡೆಯಿಂದ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ಮೂರು ತಲೆಮಾರಿನ ರಾಜ್ಯ ಇರಲಿಲ್ಲ. ಅರಸ ಕೆರೆಯ ಕಡೆಗಿದ್ದ ಕೋಟೆಬಾಗಿಲಲ್ಲೇ ಕತ್ತಿ ಹಿಡಿದು ಸತ್ತ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುವಂತೆ, ಉಳಿದವರು ಕೂತು ಯಾರದು ತಪ್ಪು ಎಂದು ಹುಡುಕಿದರು. ಮಂತ್ರಿ ಸಿಕ್ಕಿದ. ಹುಡುಕಿದರೆ ಎಲ್ಲ ಕಾಲಕ್ಕೂ ಒಬ್ಬ ಮಂತ್ರಿ ಸಿಗುತ್ತಾನೆ.

ಗೆದ್ದವರು ಗುಡಿಗೂ ನುಗ್ಗಿದರು. ಪೀಠದ ಬುಟ್ಟಿಯ ಬಂಗಾರ ಕಿತ್ತುಕೊಂಡು ಬಿದಿರನ್ನು ಏರಿಯ ಕೆಳಗೆ ಎಸೆದರು. ಬಮ್ಮ ಅದನ್ನು ಎತ್ತಿಕೊಂಡು ತಿರುಗಿಸಿ ನೋಡಿದ. ಒಂದು ದಬ್ಬೆಯೂ ಸಡಿಲವಾಗಿರಲಿಲ್ಲ. ಹದಿನೈದು ವರ್ಷ ಪೂಜೆಗೊಂಡ ಬುಟ್ಟಿ ಒಂದು ಹಿಡಿ ಮಣ್ಣನ್ನೂ ಕಂಡಿರಲಿಲ್ಲ. ಬಮ್ಮ ಅದರಲ್ಲಿ ಹೂಳು ತುಂಬಿದ. ತಲೆಯ ಮೇಲೆ ಎತ್ತಿಡುವವರು ಯಾರೂ ಹತ್ತಿರವಿರಲಿಲ್ಲ. ಅವನೇ ಮೊಣಕಾಲು ಊರಿ ಎತ್ತಿಕೊಂಡು ಏರಿಯ ಕಡೆಗೆ ನಡೆದ.

ಗುರು ಕತೆ ನಿಲ್ಲಿಸಿದರು.

ಬಿಸಿಲು ಬಾವಿಕಟ್ಟೆಗೆ ಬಂದಿತ್ತು. ಶಿಷ್ಯ ಶಾಸನದ ಕಲ್ಲಿನ ಮೇಲಿದ್ದ ಬುಟ್ಟಿಯನ್ನು ನೋಡುತ್ತ ಕುಳಿತಿದ್ದ. ಅವನಿಗೆ ಬಮ್ಮನ ಮೇಲೆ ಮರುಕ ಹುಟ್ಟಿತ್ತು. ಆ ಮೇದನಿಗೆ ಲಾಭದ ಆಸೆ ಇರಲಿಲ್ಲ, ದ್ವೇಷವಿರಲಿಲ್ಲ, ಒಡೆಯನ ಮೇಲಿನ ಪ್ರೀತಿಯಿಂದ ಒಂದು ಬೆರಳು ಕಡಿಮೆ ಮಾಡಿದ, ಅದನ್ನು ತಪ್ಪು ಎನ್ನುವುದು ಹೇಗೆ ಎಂದು ಕೇಳಿದ. ಒಡೆಯ ಕಂಡೂ ಸುಮ್ಮನಿದ್ದುದಾದರೂ ಏಕೆ ಎಂದ.

ಗುರು ಎದ್ದರು. ಪಕ್ಕದಲ್ಲಿ ನೀರು ತುಂಬಿಟ್ಟಿದ್ದ ಹೊಸ ಕೊಡವನ್ನು ಒಂದೇ ಕೈಯಲ್ಲಿ ಎತ್ತಿ ಶಿಷ್ಯನ ಮುಂದೆ ಇಟ್ಟರು.

"ಹಳೆಯ ಕೊಡ ಎಲ್ಲಿಯೂ ಸೋರುತ್ತಿರಲಿಲ್ಲ, ಮಗು."